ಡಬ್ಬ ಈ ಕಡೆ, ಮಾನಿಟರ್ ಆ ಕಡೆ

…ಅದನ್ನ ಆಮೇಲೆ ನೋಡೂವಂತೆ ಅರ್ಫಾತು, ಕಂಪ್ಯೂಟ್ರಿನ ಡಬ್ಬದ ಹಿಂದ್ಗಡೆ ಏನೂ ಇಲ್ಲ. ನಾನು ನೋಡೀನಿ. ಕೇಬಲ್ಲಿನ ಈ ತುದಿ ಗಟ್ಟಿ ಐತಿ. ದೋಷ ಇದ್ರೆ ನಡುವೆ ಇರ್ಬೇಕು, ಗೋಡೆಯಾಗೆ. ಇಲ್ಲ ಅಂದ್ರೆ ಆ ಕಡೆ. ನೀನು ಮೊದ್ಲು ಕುಂತ್ಕ. ಸೊರಬದಿಂದ ಬಸ್ಸಿನಾಗೆ ನಿಂತ್ಕಂಡೇ ಬಂದೆ ಅಂದ್ಯಲ್ಲ... ಆ ಸ್ಟೂಲು ಬ್ಯಾಡ, ಅದ್ರ ಕಾಲು ಅಲ್ಲಾಡ್ತೈತಿ. ಈ ಕುರ್ಚಿ ಮೇಲೆ ಕುಂತ್ಕ. ಚಾ ಬರ್ತೈತಿ, ನಮ್ಮ ಮನೆಯಾಕಿ ನಿರ್ಮಲಮ್ಮಗೆ ಹೇಳೀನಿ.

ಯಾಕೆ ನಗ್ತೀಯ? ಗೋಡೆ ನೋಡಿ ನಗು ಬಂತಾ? ನಗು, ನಗು. ಎಲ್ರೂ ನಗ್ತಾರೆ. ಮದ್ವಿ ಕಾರ್ಡ್ ಮಾಡ್ಸಾಕೆ ಬಂದೋರು ಮೊದ್ಲು ನಗ್ತಾರೆ, ಕಾರ್ಡಿನ ಮಾತು ಆಮೇಲೆ. ಡಬ್ಬ ಈ ಕಡೆ, ಪ್ರಿಂಟ್ರು ಈ ಕಡೆ. ಮಾನಿಟ್ರು ಆ ಕಡೆ, ಕೀಬೋರ್ಡು ಆ ಕಡೆ. ನಡುವೆ ಗೋಡೆ, ಗೋಡೆಗೊಂದು ಕಿಂಡಿ, ಕಿಂಡ್ಯಾಗೆ ಕೇಬಲ್ಲು. ಅವನು ಅಲ್ಲಿ ಕುಂತು ಅಕ್ಷರ ಒತ್ತುತಾನೆ, ಹಾಳೆ ಇಲ್ಲಿ ಬರ್ತೈತಿ. ನಾನು ಹಾಳೆ ತಗಂಡು ಹೋಗಿ ಮುಂದಿನ ಕಟ್ಟೆ ಮೇಲೆ ಇಟ್ಟು ಕಲ್ಲು ಹೇರ್ತೀನಿ. ಅವನು ಬಂದು ತಗಂಡು ಹೋಗ್ತಾನೆ. ಅಷ್ಟೇ ವ್ಯವಹಾರ. ಮೊದ್ಲೆಲ್ಲ ಇದನ್ನ ನೋಡಾಕೆ ಅಂತಾನೇ ಜನ ಬರ್ತಿದ್ರು, ಸಂತೆಗೆ ಬಂದೋರು ಹಂಗೇ ಇಣುಕಿ ಹೋಗ್ತಿದ್ರು. ಈಗ ನೋಡಾಕೆ ಅಂತ ಯಾರೂ ಬರಲ್ಲ.

ಶ್... ಆ ಹೆಸರು ಈ ಕಡೆ ಬ್ಯಾಡ. ‘ಅವನು’ ಅನ್ನು, ಸಾಕು. ನಿಂಗೆ ಗೊತ್ತಿಲ್ಲ, ತಪ್ಪೇನಿಲ್ಲ. ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರ್ಸ್ಯಾನೆ, ಓದಿದೋರೆಲ್ಲ ನನ್ನ ಹತ್ರ ಬಂದು ‘ನಿಮ್ಮ ತಮ್ಮನ ಅಂಗ್ಡಿ ಯಾವ್ದ್ರೀ’ ಅಂತಾರೆ. ಕೈ ತೋರಿಸ್ತೀನಿ. ಬಾಯಲ್ಲಿ ಹೇಳಲ್ಲ.

ಆ ಸದ್ದು ಕೇಳ್ತೈತಾ? ಕರಕರ ಅಂತ... ಅದು ರಾಜಪ್ಪ. ಮೇಸ್ತ್ರಿ ರಾಜಪ್ಪ. ಸಿಮೆಂಟು ಕಲಸ್ತಾ ಇದಾನೆ. ಆ ಕಡೆಯೋನು ನಿಂಗೆ ಹೇಳಿರ್ಬೇಕಲ್ಲ, ಮೊದ್ಲು ಆ ಕಡೆಗೇ ಹೋಗಿ ಬಂದ್ಯಲ್ಲ ನೀನು. ಇವತ್ತು ನಿನ್ನ ಕೈಯಾಗೆ ಮಾನಿಟ್ರಿನ ಚಿತ್ರ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಕೇಬಲ್ ಕಿತ್ತು ಈ ಕಡೆ ಎಸೆದು ಕಿಂಡಿ ಮುಚ್ಚಿಸ್ತಾನಂತೆ. ಶಿವಮೊಗ್ಗದಿಂದ ತನ್ನದೇ ಡಬ್ಬ ತರಿಸ್ತಾನಂತೆ. ನಂಗೆ ಅವನು ಹೇಳಿಲ್ಲ, ನಮ್ಮಲ್ಲಿ ಮಾತಿಲ್ಲ. ಬೆಳಿಗ್ಗೆ ರಾಜಪ್ಪ ಬಕೆಟ್ ಕೇಳಾಕೆ ಬಂದಾಗ ಹೇಳಿದ. ಬಕೆಟ್ ಕೊಟ್ಟೆ.

ಮುಚ್ಚಲಿ. ನಂಗೇನು? ಒಂದು ಗೇಣಗಲದ ಕಿಂಡಿ. ಗಾಳಿ ಸೈತ ಬರಲ್ಲ ಅದ್ರಾಗೆ. ಬೇಜಾರಾ? ಇಲ್ಲಪ. ಏನೂ ಇಲ್ಲ. ಹಲ್ಲು ಕೀಳೋವಾಗ ಡಾಕ್ಟ್ರು ಸೂಜಿ ಕೊಟ್ಟಿರ್ತಾರೆ ನೋಡು, ಮುಟ್ಟಿದ್ದು ಗೊತ್ತಾಗ್ತೈತಿ, ನೋವು ಗೊತ್ತಾಗಲ್ಲ... ಹಂಗೈತಿ. ಆದ್ರೂ ನೀನು ಸರಿ ಮಾಡಿಕೊಡು. ಬಂದಿದ್ದೀಯಲ್ಲ, ಅದ್ಕೆ.

ಏನೇನಾಗ್ತೈತಿ ಅಂತಾನಾ? ಹೇಳ್ತೀನಿ. ಮೊದಮೊದಲು ನೆಳ್ಳು. ಒಂದು ಅಕ್ಷರ ಇದ್ರೆ ಅದರ ಬಲಕ್ಕೆ ಅದೇ ಅಕ್ಷರ ಮಬ್ಬಾಗಿ ಇನ್ನೊಂದು. ಉದ್ದ ಕೇಬಲ್ಲಿನ ಗುಣ ಅದು, ತೆಳ್ಳಂದಾದ್ರೆ ಇನ್ನೂ ಜಾಸ್ತಿ ಅಂದ್ರು ಶಿವಮೊಗ್ಗದೋರು. ದಪ್ಪಂದು ತರಿಸ್ದೆ. ಗೋಡೆ ಮೇಲೆ ಸುತ್ತಿ ಬಳಸಿ ಬಂದಿತ್ತು, ಅದನ್ನ ತೆಗೆದು ನೇರ ಎಳೆದೆ, ಉದ್ದ ಕಮ್ಮಿ ಆತು. ನೆಳ್ಳೂ ಕಮ್ಮಿ ಆತು. ಆಮೇಲೆ ಅಲೆ. ಚಿತ್ರ ನೀರಾಗೆ ಕಂಡಂಗೆ ಅಲ್ಲಾಡೋದು. ನೋಡಿದ್ರೆ, ಕೇಬಲ್ಲೂ ಕರೆಂಟಿನ ವೈರೂ ಒಂದೇ ಕಿಂಡ್ಯಾಗೆ ತಬ್ಬಿಕಂಡು ಹೋಗಿದ್ವು, ಈ ಕಡೆ ಸ್ಟೆಬಿಲೈಸರ್ ಅದಕ್ಕೆ ಒರಗಿ ಕುಂತಿತ್ತು. ಕರೆಂಟಿನ ವೈರಿಗೆ ಮೇಲೆ ಬೇರೆ ದಾರಿ ಮಾಡ್ದೆ. ಸ್ಟೆಬಿಲೈಸರ್ ಆ ಮೂಲೆಗೆ ಸರಿಸ್ದೆ. ನಿಂತು ಹೋತು.

ಏನು? ನಂಗೆ ಹೆಂಗೆ ಗೊತ್ತಾಗ್ತೈತಿ ಅಂತಾನಾ? ಹೌದು, ಮಾನಿಟ್ರು ಆ ಕಡೆ, ನಂಗೆ ಕಾಣಲ್ಲ. ಅವನು ಹೇಳ್ತಾನೆ. ಕಿಂಡಿಗೆ ಬಾಯಿ ತಂದು ಹೇಳ್ತಾನೆ. ‘ಅಣ್ಣಾ, ನೆಳ್ಳು ಬಂತು.’ ‘ಅಣ್ಣಾ, ಅಲ್ಲಾಡ್ತೈತಿ.’ ಅಷ್ಟೇ. ಕಂಪ್ಯೂಟ್ರಿನ ಮಾತು ಬಿಟ್ಟು ಬೇರೆ ಇಲ್ಲ. ನಾನು ಉತ್ತರ ಕೊಡಲ್ಲ. ಎದ್ದು ಹೋಗಿ ಸರಿ ಮಾಡ್ತೀನಿ. ಸರಿ ಆದ್ರೆ ಅವನು ಸುಮ್ನಾಗ್ತಾನೆ. ಅವನು ಸುಮ್ನಾದ್ರೆ ಚಿತ್ರ ಬಂತು ಅಂತ ನಾನು ತಿಳ್ಕಳ್ತೀನಿ.

ಹಂಗೆ ನೋಡ್ಬೇಡಪ. ನಾವೇನು ಹುಟ್ಟಿದಾಗ್ಲಿಂದ ಹಿಂಗಿದ್ವಾ? ನಿಮ್ಮಪ್ಪ ಬಡೇಸಾಬ್ರು ನಮ್ಮ ರೇಡಿಯೋ ರಿಪೇರಿಗೆ ಬರ್ತಿದ್ದಾಗ ಈ ಗೋಡೆ ಇರ್ಲಿಲ್ಲ. ಇಡೀ ಒಂದೇ ಹಾಲು. ನೀಲಾಂಬಿಕ ಪ್ರಿಂಟಿಂಗ್ ಪ್ರೆಸ್. ಅವ್ವನ ಹೆಸರು. ಅಲ್ಲಿ ಮಷಿನ್ನು, ಇಲ್ಲಿ ಅಚ್ಚಿನ ಮೊಳೆ... ನೀನು ನೋಡಿಲ್ಲ ಬಿಡು. ಸೀಸದ್ದು, ಒಂದೊಂದು ಅಕ್ಷರಕ್ಕೂ ಒಂದೊಂದು, ಮರದ ಪೆಟ್ಟಿಗೆಯಾಗೆ ಅದ್ರದ್ರ ಮನೆಯಾಗೆ ಕುಂತಿರ್ತಾವೆ. ಒಂದೊಂದೇ ಎತ್ತಿ ಜೋಡಿಸ್ಬೇಕು. ನಾನು ಕಣ್ಣು ಬಿಟ್ಟು ಕಲ್ತಿದ್ದೇ ಅದು. ಅವನು ಚಿಕ್ಕೋನಿದ್ದಾಗ ನನ್ನ ಕಾಲ ಹತ್ರ ಕುಂತ್ಕಂಡು ಕೆಳಗೆ ಬಿದ್ದ ಮೊಳೆ ಹೆಕ್ಕಿ ಕೊಡ್ತಿದ್ದ.

ಅವನೇ ಮಾರಿದ. ನಾನು ಹೊಸಬಾಳೆಗೆ ಮದ್ವಿಗೆ ಹೋಗಿದ್ದೆ, ಬಂದು ನೋಡಿದ್ರೆ ಪೆಟ್ಟಿಗೆ ಎಲ್ಲ ಖಾಲಿ. ಗುಜರಿಯೋನಿಗೆ ಸೀಸದ ತೂಕಕ್ಕೆ ಹಾಕಿ ಈ ಕಂಪ್ಯೂಟ್ರು ತಂದಿದ್ದ. ‘ಅಣ್ಣಾ, ಮೊಳೆ ಸವೆದು ಹೋಗಿದ್ವು, ಅಚ್ಚು ಮೂಡ್ತಿರ್ಲಿಲ್ಲ, ನಿಂಗೆ ಕೇಳಿದ್ರೆ ಬ್ಯಾಡ ಅಂತಿದ್ದೆ’ ಅಂದ. ನಿಜಾನೇ. ಬ್ಯಾಡ ಅಂತಿದ್ದೆ. ನಾನು ಕೂಗಾಡ್ಲಿಲ್ಲ. ಆ ಖಾಲಿ ಮನೆಗಳಿಗೆ ಒಂದೊಂದಕ್ಕೂ ಬೆರಳು ಹಾಕಿ ನೋಡ್ದೆ. ಆಮೇಲೆ ಉಂಡೆ. ಆಮೇಲೆ ಹಿರೇರನ್ನ ಕರ್ಸಿ ಹಿಸ್ಸೆ ಮಾಡಿಕೊಡ್ರಿ ಅಂದೆ.

ಹಿರೇರ ಮುಂದೆ, ಲಿಂಗ ಮುಟ್ಟಿ ಅಂದೆ. ಇನ್ಮೇಲೆ ಇವನ ಹೆಸರು ನನ್ನ ಬಾಯಲ್ಲಿ ಬರಲ್ಲ, ಇವನ ಕೂಡ ನಂಗೆ ಮಾತಿಲ್ಲ ಅಂತ. ಉಜ್ಜಪ್ಪಜ್ಜ ‘ವೀರಬಸಪ್ಪಾ, ಲಿಂಗದ ಮೇಲಿಂದ ಕೈ ತಗಿ’ ಅಂದ್ರು. ನಾನು ಮಾತು ಪೂರ್ತಿ ಮುಗಿಸೇ ಕೈ ತಗ್ದೆ.

ಡಬ್ಬ ಒಬ್ಬರಿಗೆ ಮಾನಿಟ್ರು ಒಬ್ಬರಿಗೆ ಹೆಂಗಾತು ಅಂತ ತಾನೆ ನಿಂಗೆ? ಎಲ್ರೂ ಕೇಳ್ತಾರೆ. ನಮ್ಮಲ್ಲಿ ಪದ್ಧತಿ ಹಂಗೆ. ದೊಡ್ಡೋನು ಪಾಲು ಹಾಕ್ಬೇಕು, ಚಿಕ್ಕೋನು ಆರಿಸ್ಬೇಕು. ದೊಡ್ಡೋನು ಮೋಸ ಮಾಡ್ಬಾರ್ದು ಅಂತ. ನಾನು ಎರಡು ಗುಡ್ಡೆ ಹಾಕ್ದೆ. ಕತ್ತರಿ ಮಷಿನ್ನು ಇಲ್ಲಿ, ಅಚ್ಚಿನ ಮಷಿನ್ನು ಅಲ್ಲಿ, ಕುರ್ಚಿ ಇಷ್ಟು, ಬೆಂಚು ಇಷ್ಟು. ಕಂಪ್ಯೂಟ್ರು ಬಂತು. ನಂಗೇನು ಗೊತ್ತು ಕಂಪ್ಯೂಟ್ರು! ಟೀವಿ ಥರದ್ದು ಒಂದು, ಡಬ್ಬ ಒಂದು. ಡಬ್ಬ ಅಂದ್ರೆ ಸ್ಟೆಬಿಲೈಸರ್ ಇರ್ಬೇಕು ಅಂದ್ಕಂಡೆ. ಟೀವಿ ಈ ಗುಡ್ಡೆಗೆ, ಡಬ್ಬ ಆ ಗುಡ್ಡೆಗೆ. ಸಮ ಆತಲ್ಲ! ನಗು, ಅವತ್ತು ಹಿರೇರ ಜತಿಗೆ ಕುಂತಿದ್ದ ಸುಬ್ಬಪ್ಪನೋರು ಇವತ್ತಿಗೂ ಸಿಕ್ಕಲ್ಲೆಲ್ಲ ಹೇಳ್ಕಂಡು ನಗ್ತಾರೆ.

ಅವನಿಗೆ ಗೊತ್ತಿತ್ತಲ್ಲ ಅಂತೀಯಾ? ಗೊತ್ತಿತ್ತು. ಅವನೇ ತಂದಿದ್ದು, ಗೊತ್ತಿಲ್ದೆ ಏನು? ಎರಡೂ ಗುಡ್ಡೆ ನೋಡಿದ. ನನ್ನ ಮುಖ ನೋಡಿದ. ಬಾಯಿ ಬಿಡ್ಲಿಲ್ಲ. ಟೀವಿ ಇದ್ದ ಗುಡ್ಡೆ ಮುಟ್ಟಿದ. ವೀಳ್ಯ ಕೊಟ್ಟು ಮುಗಿಸಿದ್ರು. ಮಾರನೇ ದಿನ ಉಜ್ಜಪ್ಪಜ್ಜಗೆ ಯಾರೋ ಹೇಳಿದ್ರೆ, ವೀಳ್ಯ ಕೊಟ್ಟ ಪಾಲು ಕದಲಂಗಿಲ್ಲ, ಬೇಕಾದ್ರೆ ಗೋಡೆಗೆ ತೂತು ಹೊಡ್ಕಳಿ ಅಂದ್ರು. ಗೋಡೆ ಕಟ್ಟಿದ್ದೂ ರಾಜಪ್ಪ, ತೂತು ಹೊಡೆದಿದ್ದೂ ರಾಜಪ್ಪ. ಈಗ ಮುಚ್ಚಾಕೆ ಬಂದಾನೆ. ಯಾಕೆ ಬಾಯಿ ಬಿಡ್ಲಿಲ್ಲ ಅಂತ ನಾನು ಅವನನ್ನ ಕೇಳಿಲ್ಲ. ಕೇಳೋದು ಹೆಂಗೆ?

ತಗ, ಚಾ ಬಂತು. ಅಲ್ಲಿ ಇಟ್ಟು ಹೋಗೇ... ಸಕ್ಕರೆ ಕಮ್ಮಿ ಅನ್ಸಿದ್ರೆ ಹೇಳು.

ಎಲ್ಲಿದ್ದೆ? ಹಾಂ. ನೆಳ್ಳು ಹೋತು, ಅಲೆ ಹೋತು. ಎಲ್ಲ ಸರಿ ಆತು. ಸರಿ ಆತಲ್ಲ... ಕಿಂಡಿ ಹತ್ರ ಯಾರೂ ಬರ್ಲಿಲ್ಲ. ಮಳೆಗಾಲ ಪೂರ್ತಿ ಬರ್ಲಿಲ್ಲ. ದೀಪಾವಳಿ ಆತು, ಇಬ್ರ ಮನೆಯಾಗೂ ಹೋಳಿಗೆ ವಾಸ್ನೆ. ಅವನು ಒತ್ತುತಿದ್ದ, ಹಾಳೆ ಬರ್ತಿತ್ತು, ನಾನು ಕಟ್ಟೆ ಮೇಲೆ ಇಡ್ತಿದ್ದೆ. ಕೆಲ್ಸ ಚೆನ್ನಾಗಿ ನಡೀತಿತ್ತು. ಸದ್ದೇ ಇಲ್ಲ.

ಆಮೇಲೆ ಒಂದಿನ, ಕಸ ಗುಡಿಸೋವಾಗ ನಿರ್ಮಲಮ್ಮನ ಕಾಲಿಗೆ ಕೇಬಲ್ ಸಿಕ್ಕಿ ಜಗ್ಗಿತು. ಆ ಕಡೆಯಿಂದ, ‘ಅಣ್ಣಾ...’ ಅಂತ. ನಾನು ನೀರು ಕುಡೀತಿದ್ದೆ, ಲೋಟ ಹಂಗೇ ಹಿಡ್ಕಂಡು ನಿಂತೆ. ‘ಅಣ್ಣಾ, ನೀಲಿ ಹೋತು. ಎಲ್ಲ ಹಳದಿ ಕಾಣ್ತೈತಿ.’ ಡಬ್ಬದ ಹಿಂದೆ ಬಿಚ್ಚಿ ನೋಡಿದ್ರೆ ಒಂದು ಪಿನ್ನು ಬಗ್ಗಿ ಮಲಗಿತ್ತು. ಮೊಳೆ ಎತ್ತಾಕೆ ಅಂತ ಇಟ್ಕಂಡಿದ್ದ ಚಿಮಟ ಇತ್ತಲ್ಲ, ಅದ್ರಾಗೆ ಮೆತ್ತಗೆ ನೆಟ್ಟಗೆ ಮಾಡ್ದೆ. ಹಾಕ್ದೆ. ‘ಬಂತು ಅಣ್ಣಾ’ ಅಂದ.

ಹೂಂ. ಅವತ್ತು ಹಂಗಂದ.

ಅಲ್ಲಿಂದ ಶುರು ನೋಡು. ಹೋಗ್ತಾನೇ ಐತಿ. ಒಂದಿನ ಕೆಂಪು ಹೋಗ್ತೈತಿ, ಒಂದಿನ ನೀಲಿ. ಒಂದಿನ ಪೂರ್ತಿ ಕಪ್ಪು. ಸಂಜೆ ದೀಪ ಹಚ್ಚೋ ಹೊತ್ತಿಗೆ ಜಾಸ್ತಿ. ವೋಲ್ಟೇಜ್ ಇಳೀತೈತಲ್ಲ, ಅದ್ಕೇ ಇರ್ಬೇಕು. ಇಲ್ಲಾಂದ್ರೆ ಸೆಖೆಗೆ... ಏನು? ವೋಲ್ಟೇಜಿಗೆ ಬಣ್ಣ ಒಂದೇ ಹೋಗಲ್ವಾ? ನಂಗೇನಪ ಗೊತ್ತು, ನೀನು ಮೆಕ್ಯಾನಿಕ್ಕು.

ಬ್ಯಾಡ, ಡಬ್ಬ ಎತ್ತಬ್ಯಾಡ! ಆ ಕಡೆಗೆ ಒಯ್ದು ಉದ್ದ ಕೇಬಲ್ಲೇ ಇಲ್ದೆ ಹಚ್ಚಿ ನೋಡೋದಂದ್ರೆ... ಗೊತ್ತಾಗ್ತೈತಿ, ದೋಷ ಕೇಬಲ್ಲಿಂದಾ ಡಬ್ಬದ್ದಾ ಅಂತ. ಅದು ಗೊತ್ತು ನಂಗೆ. ಆದ್ರೆ ಪಾಲಿನ ಸಾಮಾನು ಹೊಸ್ತಿಲು ದಾಟ್ಬಾರ್ದು. ದಾಟಿದ್ರೆ ಅಲ್ಲೇ ಸರಿ ನಡೀತೈತಲ್ಲ, ಇನ್ಯಾಕೆ ಕಿಂಡಿ ಅಂತಾನೆ. ಬ್ಯಾಡ, ಇಲ್ಲಿಂದ್ಲೇ ನೋಡು.

ಆ ಕಡೆ ತುದಿ ನೋಡಿ ಬಂದ್ಯಾ? ಗಟ್ಟಿ ಐತಾ? ಸ್ಕ್ರೂ ಹೆಂಗದಾವೆ? ತುಕ್ಕು ಹಿಡಿದು ತಿರುಗೋದೇ ಇಲ್ವಾ... ಹೂಂ. ಹಾಕಿದೋರು ಮತ್ತೆ ಮುಟ್ಟಿಲ್ಲ ಅಂತಾತು. ಗೋಡೆಯಾಗೆ? ಜಗ್ಗಿ ನೋಡಿದ್ಯಾ? ಎಲ್ಲೂ ಕಡಿದಿಲ್ಲ.

ಅರ್ಫಾತು, ಅದೊಂದು ಬಿಡು. ಡಬ್ಬದ ಹಿಂದೆ ಧೂಳು ಐತಿ, ಕೈ ಹೊಲಸಾಗ್ತೈತಿ... ಬ್ಯಾಟ್ರಿ ಯಾಕೆ? ಕಾಣ್ತೈತಲ್ಲ.

ಅರ್ಫಾತು...

ಯಾಕೆ ಆ ಸ್ಕ್ರೂ ಹಂಗೆ ತಿರುಗಿಸಿ ನೋಡ್ತೀಯ?

ಆ ಸ್ಕ್ರೂ ಹಂಗೇ ಬಂದಿದ್ದು. ಹೊಸದ್ರಾಗೇ ಹಂಗಿತ್ತು. ಹೊಳೀತಾವೆ ಅಂದ್ರೆ... ಒಳ್ಳೆ ಮಾಲು ಇರ್ಬೇಕು. ಹಲ್ಲು ಸವೆದಾವಾ? ಸವೀತಾವಪ್ಪ, ಒಂದೊಂದು ಸಲ ರಿಪೇರಿ ಮಾಡೋವಾಗ ಬಿಚ್ತೀವಲ್ಲ, ಹಾಕ್ತೀವಲ್ಲ. ಆ ಕಡೇದು ಸವೆದಿಲ್ಲ, ಈ ಕಡೇದು ಸವೆದೈತಿ, ಅದರಾಗೇನೈತಿ? ಯಾಕೆ ನನ್ನ ಕೈ ನೋಡ್ತೀಯ? ಮಸಿ ಕೈ ಅದು, ಅಚ್ಚಿನ ಕೆಲ್ಸದೋರ ಕೈ ಹಂಗೇ ಇರ್ತೈತಿ...

ಏನು? ನಾನೇ ಬಿಚ್ತೀನಿ ಅಂತಾನಾ?

...

ಮೆತ್ತಗೆ. ಕಿಂಡಿ ತೆರೆದೈತಿ. ಇತ್ಲಾಗೆ ಬಾ.

ಅರ್ಧ ಸುತ್ತು ಸಡ್ಲ ಮಾಡಿ ಒಂಚೂರು ಒಂದು ಕಡೆಗೆ ಜಗ್ಗಿದ್ರೆ ಬಣ್ಣ ಹೋಗ್ತೈತಿ. ಪೂರ್ತಿ ಎಳೆದ್ರೆ ಕಪ್ಪು. ಎಷ್ಟಕ್ಕೆ ಏನು ಹೋಗ್ತೈತಿ ಅಂತ ಬೆರಳಿಗೆ ಗೊತ್ತೈತಿ ಈಗ. ಅವನ ಕೆಲ್ಸ ಕೆಡಿಸಾಕೆ ಅಲ್ಲಪ! ಅಚ್ಚಿನ ಅವಸರ ಇದ್ದಾಗ ಮುಟ್ಟಿಲ್ಲ, ಗಿರಾಕಿ ಕುಂತಿದ್ದಾಗ ಮುಟ್ಟಿಲ್ಲ. ಕೆಲ್ಸ ಎಲ್ಲ ಮುಗಿದು, ನಿರ್ಮಲಮ್ಮ ದೇವ್ರ ಮುಂದೆ ದೀಪ ಹಚ್ಚೋ ಹೊತ್ತಿಗೆ... ಆಗ ಸಡ್ಲ ಮಾಡ್ತೀನಿ. ಮಾಡಿ ಇಲ್ಲೇ ಗೋಡೆಗೆ ಒರಗಿ ನಿಲ್ತೀನಿ. ಕುರ್ಚಿ ಸರಿದಿದ್ದು ಕೇಳ್ತೈತಿ. ಬಂದ ಅಂತ ಗೊತ್ತಾಗ್ತೈತಿ. ‘ಅಣ್ಣಾ’ ಅಂತಾನೆ. ಅಷ್ಟು ಸಾಕು ನಂಗೆ. ಕೇಳಿ ಒಂದು ಗಳಿಗೆ ಬಿಟ್ಟು ಬಿಗಿ ಮಾಡ್ತೀನಿ. ಅವತ್ತಿನ ದಿನ ಮುಗೀತು.

ಉತ್ತರ ಕೊಡಲ್ಲ ಅಂದೆನಲ್ಲ... ಬಿಗಿ ಮಾಡೋದೇ ಉತ್ತರ ಅಂದ್ಕಂಡಿದ್ದೆ. ಅವನು ಕರೆದ, ನಾನು ಬಂದೆ, ಮಾಡಿಕೊಟ್ಟೆ. ಅವನಿಗೆ ಹಂಗೆ ಅನ್ನಿಸ್ಲಿಲ್ಲ ಅಂತ ಕಾಣ್ತೈತಿ. ಅವನಿಗೆ ಬರೀ ಚಿತ್ರ ಬಂತು.

ಹೋದ ವಾರ ‘ಅಣ್ಣಾ’ ಅನ್ನೋದು ಬಿಟ್ಟ. ‘ಹೋತು’ ಅಂದ. ಬರೀ ‘ಹೋತು’, ಯಾರೋ ಕರೆಂಟ್ ಆಫೀಸಿನೋರಿಗೆ ಹೇಳಿದಂಗೆ. ನಾನು ಬಿಗಿ ಮಾಡ್ಲಿಲ್ಲ, ಇನ್ನೊಂಚೂರು ಸಡ್ಲ ಮಾಡ್ದೆ. ಅಂದಾನು ಅಂತ ಕಾದೆ. ಅವನು ಸ್ವಿಚ್ ಆರಿಸಿ, ಬೀಗ ಹಾಕ್ಕಂಡು ಹೋದ. ಬೀಗದ ಸದ್ದು ಕೇಳ್ತು. ಇವತ್ತು ಬೆಳಿಗ್ಗೆ ರಾಜಪ್ಪ ಬಕೆಟ್ ಕೇಳ್ಕಂಡು ಬಂದ.

ನಾನೇ ಮುಚ್ಚಿಸ್ದಂಗಾತು.

ಇನ್ನೊಂದೂ ಹೇಳಿಬಿಡ್ತೀನಿ, ಹೆಂಗೂ ನೋಡಿಬಿಟ್ಟೆ ನೀನು. ಡಬ್ಬ ಸ್ಟೆಬಿಲೈಸರ್ ಅಂದ್ಕಂಡಿದ್ದೆ ಅಂದೆನಲ್ಲ, ಅದು ಸುಳ್ಳು. ಡಬ್ಬ ಇಲ್ದೆ ಅದು ನಡಿಯಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಬೇರೆ ಬೇರೆ ಗುಡ್ಡೆಗೆ ಇಟ್ಟೆ. ಎಲ್ಲ ಹಿಸ್ಸೆ ಆಗ್ತಿತ್ತಲ್ಲ, ಒಂದಾದ್ರೂ... ಬಿಡು. ಅವತ್ತು ಅವನು ನನ್ನ ಮುಖ ನೋಡಿದ ಅಂದೆನಲ್ಲ. ನಾನು ತಲೆ ತಗ್ಗಿಸ್ದೆ.

ಈಗ ನೀನು ಒಂದು ಮಾಡು. ಪೂರ್ತಿ ಬಿಗಿ ಮಾಡು. ಬೇಕಾದ್ರೆ ಮೇಲೆ ಟೇಪು ಸುತ್ತು, ನಾನು ಮತ್ತೆ ಬಿಚ್ಚದಂಗೆ ಸುತ್ತು. ದೋಷ ಸಿಕ್ತು, ಇನ್ಮೇಲೆ ಹೋಗಲ್ಲ ಅಂತ ಅವನಿಗೆ ಹೇಳು. ಅವನು ಮಾತಾಡ್ದಿದ್ರೂ ಪರ್ವಾಗಿಲ್ಲ. ಒಂದು ಸಲಾನೂ ಅಣ್ಣಾ ಅನ್ನದಿದ್ರೂ ಪರ್ವಾಗಿಲ್ಲ. ಕಿಂಡಿ ಇರ್ಲಿ. ಅವನು ಕುರ್ಚಿ ಎಳೆಯೋದು ಕೇಳ್ತೈತಿ, ಕೆಮ್ಮೋದು ಕೇಳ್ತೈತಿ. ಇರ್ಲಿ ಅದು.

ಬಿಗಿ ಆತಾ? ಎರಡೂ ಸ್ಕ್ರೂ? ಆತು.

ಕೂಗು ಈಗ, ಚಿತ್ರ ಬಂತಾ ಅಂತ ಕೇಳು. ಮಾನಿಟ್ರು ಆ ಕಡೆ ಐತಲ್ಲ, ಅವನೇ ನೋಡಿ ಹೇಳ್ಬೇಕು.

ಕೂಗಪ.

ಮೇಸ್ತ್ರಿ ಕರಣಿ ಸದ್ದು ನಿಂತೈತಿ ನೋಡು. ಕಲಸಿ ಮುಗೀತು ಅಂತ ಕಾಣ್ತೈತಿ. ಇನ್ನು ತಡ ಮಾಡಿದ್ರೆ ಹಚ್ಚೇಬಿಡ್ತಾನೆ ರಾಜಪ್ಪ. ಕೂಗು ಅರ್ಫಾತು! ಎರಡು ಮಾತು, ಅಷ್ಟೇ.

ನಿನ್ನ ಕರ್ಸಿದ್ದು ಯಾಕೆ ಮತ್ತೆ? ಮೆಕ್ಯಾನಿಕ್ ತಾನೇ ಕೇಳ್ಬೇಕು? ಯಾಕೆ ಹಂಗೆ ಚಾ ಲೋಟ ಹಿಡ್ಕಂಡು ಕುಂತೆ...

ನಾನಾ?

ಆಗಲ್ಲ. ಹೇಳಿದೆನಲ್ಲ, ಆ ಹೆಸರು ಬಾಯಲ್ಲಿ ಬರಲ್ಲ ಅಂತ ಲಿಂಗ ಮುಟ್ಟಿ... ಹಿರೇರ ಮುಂದೆ... ತಲೆ ಅಲ್ಲಾಡಿಸ್ಬೇಡ. ನೋಡ್ಬೇಡ ಹಂಗೆ.

ಒಂಚೂರು ಸರಿ ಆ ಕಡೆಗೆ. ಕಿಂಡಿ ತಗ್ಗಿನಾಗೈತಿ, ಬಗ್ಬೇಕು... ನನ್ನ ತೋಳು ಹಿಡ್ಕ.

ಗುರೂ...

ಗುರೂ, ಬಂತೇನೋ?